ಹೆಣಕ್ಕೆ ಎರಡು ಕಿಡ್ನಿ

ಕಂತು: ಒಂಬತ್ತು

"ಅಕ್ಕಾರ, ನೀವು ಕೇಳಿದ್ದ ಕಾಗದ ತಂದೇನ್ರಿ."

ಹವಾಲ್ದಾರ ಲಗಮಣ್ಣ ಕಂದು ಲಕೋಟೆಯನ್ನು ಮೇಜಿನ ಮೇಲಿಟ್ಟು ಮುಂದಿನ ಬೆಂಚಿನಲ್ಲಿ ಕುಳಿತ. ಹುಡುಗಿಯರು ಕೂರುವ ಬೆಂಚು ಅದು. ಅವನ ಎತ್ತರಕ್ಕೆ ಮೊಣಕಾಲು ಹಲಗೆಗೆ ತಾಗುತ್ತಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ನರೆತ ಕೂದಲನ್ನು ಅಂಗೈಯಿಂದ ಒತ್ತಿಕೊಂಡ.

"ಕೇಳಿ ಒಂದು ವಾರ ಆತಲ್ಲ ಕಾಕಾ," ಎಂದಳು ಸಂಘಮಿತ್ರಾ.

"ಗದ್ದಲದಾಗ ಮರತ ಹೋಗಿತ್ರಿ."

ಗೋಕಾಕದ ಆ ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ಶನಿವಾರದ ಅರ್ಧ ದಿನದ ಪಾಠ ಆಗಷ್ಟೇ ಮುಗಿದಿತ್ತು. ಹುಡುಗಿಯರು ಬಸ್ಸು ಹಿಡಿಯಲು ಓಡಿದ್ದರು. ಕಪ್ಪುಹಲಗೆಯ ಮೇಲೆ ಅವಳು ಬರೆದ ಮೂರು ಸಾಲು ಇನ್ನೂ ಅಳಿಸಿರಲಿಲ್ಲ.

ಟಮಿ: ಕೊಯ್ಯುವುದು.

ಎಕ್ಟಮಿ: ಕೊಯ್ದು ಹೊರಗೆ ತೆಗೆಯುವುದು.

ಆಸ್ಟಮಿ: ಕೊಯ್ದು ಬಾಯಿ ಮಾಡುವುದು.

ವೇಳಾಪಟ್ಟಿಯಲ್ಲಿ ಅವಳ ವಿಷಯಕ್ಕೆ ಉದ್ದನೆಯ ಹೆಸರಿತ್ತು. ಹುಡುಗಿಯರು ಮಾತ್ರ 'ಶಬ್ದದ ಪಿರಿಯಡ್ಡು' ಅನ್ನುತ್ತಿದ್ದರು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಆಸ್ಪತ್ರೆಯ ಕಾಗದದ ಮುಂದೆ ಬೆದರಿ ನಿಲ್ಲುವ ಆ ಮಕ್ಕಳಿಗೆ ಅವಳು ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದಳು: ಎಷ್ಟು ಉದ್ದದ ಶಬ್ದವಾದರೂ ಅದಕ್ಕೊಂದು ಬೇರು, ಒಂದು ಬಾಲ ಇರುತ್ತದೆ. ಯಾವ ಅಂಗ ಎಂಬುದನ್ನು ಬೇರು ಹೇಳುತ್ತದೆ. ಆ ಅಂಗಕ್ಕೆ ಏನಾಯಿತು ಎಂಬುದನ್ನು ಬಾಲ ಹೇಳುತ್ತದೆ. ಜನ ಬೇರು ಓದಿ ಬಾಲ ಬಿಟ್ಟುಬಿಡುತ್ತಾರೆ. ಅಪಾಯ ಇರುವುದು ಅಲ್ಲೇ.

ಹಿಡಕಲ್ ಹಿನ್ನೀರಿನಲ್ಲಿ ಹನ್ನೆರಡು ದಿನದ ಹಿಂದೆ ತೇಲಿದ ಹೆಣವನ್ನು ಕಲ್ಲೋಳಿಯ ಶೆಟ್ಟೆಪ್ಪನದೆಂದು ಅವನ ತಮ್ಮ ಗುರುತು ಹಿಡಿದು ಮಣ್ಣು ಮಾಡಿದ್ದ. ಒಂದು ಕೊಲೆಯನ್ನು ಕಣ್ಣಾರೆ ಕಂಡ ಒಬ್ಬನೇ ಸಾಕ್ಷಿ ಶೆಟ್ಟೆಪ್ಪ. ಸೋಮವಾರ ಪೊಲೀಸರು ಅವನ ಸಾವಿನ ಕಡತ ಮುಚ್ಚಿದರೆ ಆ ಕೊಲೆಯ ಮೊಕದ್ದಮೆಯೂ ಅಷ್ಟಕ್ಕೇ ಮುಗಿಯುತ್ತಿತ್ತು.

ಈ ಗೊಡವೆಗೆ ಸಂಘಮಿತ್ರಾಳನ್ನು ಎಳೆದದ್ದು ಅವಳ ವಿದ್ಯಾರ್ಥಿನಿ ಶಿವಾನಿ, ಶೆಟ್ಟೆಪ್ಪನ ತಮ್ಮನ ಮಗಳು. ಮನೆಯಲ್ಲಿರುವ ಹಳೆಯ ಆಸ್ಪತ್ರೆ ಕಾಗದ ತಂದು ಓದಿ ಎಂದಾಗ, ಆ ಹುಡುಗಿ ಸತ್ತ ದೊಡ್ಡಪ್ಪನ ಡಿಸ್ಚಾರ್ಜ್ ಕಾರ್ಡು ತಂದಿದ್ದಳು. 'ನೆಫ್ರೆಕ್ಟಮಿ' ಎಂಬ ಶಬ್ದವನ್ನು ಎದ್ದು ನಿಂತು ಸರಿಯಾಗಿಯೇ ಬಿಡಿಸಿದ್ದಳು. "ನೆಫ್ರೋ ಅಂದ್ರ ಕಿಡ್ನಿ, ಎಕ್ಟಮಿ ಅಂದ್ರ ಕೊಯ್ದ ಹೊರಗ ತಗಿಯೂದು." ಹೇಳಿ ಮುಗಿಸಿದವಳು ಹುಬ್ಬು ಗಂಟಿಕ್ಕಿದ್ದಳು. "ಆದ್ರ ಟೀಚರ್, ದೊಡ್ಡಪ್ಪಗ ಕಿಡ್ನ್ಯಾಗಿನ ಕಲ್ಲ ಅಷ್ಟ ತಗದಾರ. ಮನ್ಯಾಗ ಎಲ್ಲಾರೂ ಹಂಗ ಅಂತಾರ."

ಅವತ್ತಿನಿಂದ ಸಂಘಮಿತ್ರಾ ಮರಣೋತ್ತರ ಪರೀಕ್ಷೆಯ ವರದಿ ಕೇಳುತ್ತಲೇ ಇದ್ದಳು.

ಲಕೋಟೆ ಬಿಚ್ಚಿದಳು. ಎರಡು ಹಾಳೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಹೃದಯ, ಶ್ವಾಸಕೋಶ, ಯಕೃತ್ತು, ಗುಲ್ಮ. ಎರಡನೆಯ ಹಾಳೆಯ ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು.

ಬಲ ಕಿಡ್ನಿ ನೂರಿಪ್ಪತ್ತು ಗ್ರಾಂ. ಎಡ ಕಿಡ್ನಿ ನೂರಮೂವತ್ತು ಗ್ರಾಂ.

"ಕಾಕಾ," ಎಂದಳು ನಿಧಾನವಾಗಿ, "ಕಲ್ಲ ಅಷ್ಟ ತಗದಿದ್ರ ಕಾರ್ಡಿನ್ಯಾಗ ನೆಫ್ರೋಲಿಥಾಟಮಿ ಅಂತ ಇರತಿತ್ತು. ಲಿಥೋ ಅಂದ್ರ ಕಲ್ಲು. ಅದು ಇಲ್ಲ. ನೆಫ್ರೆಕ್ಟಮಿ ಅಂತ ಐತಿ. ಎಡಗಡಿ ಕಿಡ್ನಿನ ಇಡೀಯಾಗಿ ತಗದಾರ."

"ಅಂದ್ರ?"

"ಅಂದ್ರ ಶೆಟ್ಟೆಪ್ಪಗ ಇದ್ದದ್ದು ಒಂದ ಕಿಡ್ನಿ. ಈ ಹೆಣಕ್ಕ ಎರಡು ಅದಾವ. ಮಣ್ಣಾಗ ಮಲಗಿದಾಂವ ಶೆಟ್ಟೆಪ್ಪ ಅಲ್ಲ."

ಲಗಮಣ್ಣ ಬೆರಗಾಗಲಿಲ್ಲ. ಟೋಪಿಯ ಅಂಚನ್ನು ಬೆರಳಿನಿಂದ ಸವರುತ್ತ ಕಪ್ಪುಹಲಗೆಯನ್ನೇ ನೋಡಿದ. ಮೂವತ್ತೈದು ವರ್ಷ ಇಂಥದ್ದನ್ನೆಲ್ಲ ನೋಡಿದವನಿಗೆ ಬೆರಗಾಗುವ ಅಭ್ಯಾಸ ತಪ್ಪಿಹೋಗಿರಬೇಕು ಎಂದುಕೊಂಡಳು.

"ಕಾರ್ಡ ಬರಿಯೂವಾಗ ತಪ್ಪಿರಬೇಕು," ಎಂದ ಕೊನೆಗೆ.

"ಇರಬಹುದು. ಅದಕ್ಕ ಹುಕ್ಕೇರಿಗೆ ಹೋಗಿ ಕೇಳೂಣು. ಆಪರೇಷನ್ ಆಗಿದ್ದು ಅಲ್ಲೇ."

ಲಗಮಣ್ಣ ಗಡಿಯಾರ ನೋಡಿದ. "ನಡೀರಿ. ಆಮ್ಯಾಲ ಹಂಗ ಕಲ್ಲೋಳಿಗೂ ಹೋಗಿ ಬರೂಣು. ಶೆಟ್ಟೆಪ್ಪನ ಹೆಂಡ್ತೀನ ನೀವು ಒಮ್ಮಿ ನೋಡಬೇಕು."

ಅವನಾಗಿಯೇ ಕಲ್ಲೋಳಿಯ ಮಾತೆತ್ತಿದ್ದು ಅವಳಿಗೆ ಹಿತವೆನಿಸಿತು. ಮನೆಗೆ ಬೇಗ ಹೋಗಿ ಮಾಡುವುದಾದರೂ ಏನಿತ್ತು?

ಬೈಕು ಊರು ದಾಟಿ ಕಬ್ಬಿನ ಗದ್ದೆಗಳ ನಡುವಿನ ರಸ್ತೆಗೆ ಬಿದ್ದಿತು. ಗಾಳಿಯಲ್ಲಿ ಬೆಲ್ಲದ ಕಮಟು ವಾಸನೆ. ಲಗಮಣ್ಣ ಮಾತಾಡುವವನಲ್ಲ. ಇಬ್ಬರ ನಡುವೆ ಅವಳ ಕೈಚೀಲ ಇತ್ತು.

ಮೂರು ತಿಂಗಳ ಹಿಂದೆ ಯಾವುದೋ ಗಾಯದ ವರದಿ ಓದಿಸಲು ಅವನು ಮೊದಲ ಸಲ ಅವಳ ಕೋಣೆಯ ಮೆಟ್ಟಿಲು ಹತ್ತಿದ್ದ. ಬಾಡಿಗೆ ಕೋಣೆ, ಮೊದಲ ಮಹಡಿ, ಹದಿನೆಂಟು ಮೆಟ್ಟಿಲು. ಆ ಮೆಟ್ಟಿಲನ್ನು ಬೇರೆಯವರು ಹತ್ತಿ ಬಂದು ಎಷ್ಟು ಕಾಲವಾಗಿತ್ತೋ. ಸಂಬಂಧಿಕರು ಲಗ್ನಪತ್ರಿಕೆಯನ್ನು ಫೋನಿನಲ್ಲೇ ಕಳಿಸುತ್ತಿದ್ದರು. ಕಾಲೇಜಿನವರು ಗೇಟಿನಲ್ಲೇ ಬೀಳ್ಕೊಡುತ್ತಿದ್ದರು. ಅವಳ ಬಳಿ ಇದ್ದದ್ದು ಒಂದೇ ಚಹಾದ ಕಪ್ಪು. ಲಗಮಣ್ಣನ ಎರಡನೆಯ ಭೇಟಿಗೆ ಮುಂಚೆ ಇನ್ನೊಂದು ಕೊಂಡು ತಂದಿದ್ದಳು. ಅವನು ಬರುವ ದಿನ ಮೆಟ್ಟಿಲ ಮೇಲೆ ಬೂಟಿನ ಸದ್ದು ಮೂರನೆಯ ಮೆಟ್ಟಿಲಿಗೇ ಅವಳಿಗೆ ಕೇಳುತ್ತಿತ್ತು. ಕಾಕಾ ಎಂದು ಕರೆದದ್ದು ಯಾವಾಗ, ನೆನಪಿಲ್ಲ. ತಾನಾಗಿ ಬಾಯಿಗೆ ಬಂದಿತ್ತು.

ಶಬ್ದಗಳನ್ನು ಅವಳು ಕಲಿತದ್ದು ತಡವಾಗಿ. ಮೂಡಲಗಿಯಲ್ಲಿ ಪಿಯುಸಿ ಓದುವಾಗ ಅವ್ವ ಸೀತವ್ವನ ಹೊಟ್ಟೆನೋವಿಗೆ ಒಂದು ವರದಿ ಬಂದಿತ್ತು. ಬೆಳಗಾವಿಗೆ ತೋರಿಸಿ ಎಂದು ಹೇಳಿ ಡಾಕ್ಟರು ಮುಂದಿನವರನ್ನು ಕರೆದಿದ್ದರು. ವರದಿಯಲ್ಲಿ ಒಂದೇ ಉದ್ದನೆಯ ಶಬ್ದ. ಏನು ಬರೆದಿದೆ ಎಂದು ಅವ್ವ ಕೇಳಿದಾಗ, ಓದಿದ ಮಗಳೆಂಬ ಬಿಂಕದಲ್ಲಿ, "ಯಾವುದೋ ಔಷಧದ ಹೆಸರವ್ವಾ" ಎಂದುಬಿಟ್ಟಿದ್ದಳು. ಬುದ್ಧನ ಫೋಟೋದ ಹಿಂದೆ ಆ ಕಾಗದ ಎಂಟು ತಿಂಗಳು ಹಾಗೇ ಇತ್ತು. 'ಓಮಾ' ಎಂಬ ಬಾಲಕ್ಕೆ ಗಡ್ಡೆ ಎಂಬ ಅರ್ಥವಿದೆ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಅವ್ವನನ್ನು ಮಣ್ಣು ಮಾಡಿ ಎರಡು ವರ್ಷ ಆಗಿತ್ತು.

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು?

ಹುಕ್ಕೇರಿಯ ಆ ಸಣ್ಣ ನರ್ಸಿಂಗ್ ಹೋಮ್ ಮುಂದೆ ಬೈಕು ನಿಂತಿತು. ಸಂಘಮಿತ್ರಾ ಇಳಿದಳು. ಲಗಮಣ್ಣ ಇಳಿಯಲಿಲ್ಲ.

"ನೀವ ಹೋಗಿ ಬರ್ರಿ ಅಕ್ಕಾರ. ಖಾಕಿ ನೋಡಿದ್ರ ಮಂದಿ ಬಾಯಿ ಬಿಡೂದಿಲ್ಲ. ನಾ ಚಾದ ಅಂಗಡ್ಯಾಗ ಇರತೇನಿ."

ದಾಖಲೆ ಕೋಣೆಯಲ್ಲಿದ್ದ ತಾಜುದ್ದೀನರಿಗೆ ಅವಳು ಹೊಸಬಳಲ್ಲ. ಅವಳ ಹುಡುಗಿಯರು ತರಬೇತಿಗೆ ಅಲ್ಲಿಗೇ ಬರುತ್ತಿದ್ದರು. ಬಿಳಿಗಡ್ಡದ ಆ ಹಿರಿಯರು ಶೆಟ್ಟೆಪ್ಪನ ಹೆಸರು ಕೇಳಿದೊಡನೆ ಕನ್ನಡಕ ಏರಿಸಿದರು.

"ಕಲ್ಲೋಳಿಯಾಂವ? ನೀರಾಗ ಬಿದ್ದ ಸತ್ತಾ ಅಂತ ಕೇಳಿದೆ. ಪಾಪ."

"ಅವನ ಆಪರೇಷನ್ ಒಮ್ಮಿ ನೋಡಬೇಕಿತ್ತ್ರಿ ಚಾಚಾ. ಕಾರ್ಡಿನ್ಯಾಗ ಒಂದ ಶಬ್ದ ಅನುಮಾನ ಐತಿ."

ನಾಲ್ಕು ವರ್ಷದ ಹಿಂದಿನ ರಿಜಿಸ್ಟರು ಮೇಲಿನ ಕಪಾಟಿನಿಂದ ಇಳಿಯಿತು. ಧೂಳು ಕೊಡವಿ, ಎಂಜಲು ಹಚ್ಚಿದ ಬೆರಳಿನಿಂದ ಪುಟ ತಿರುವಿದರು. ಅದೇ ಶಬ್ದ. ಅದೇ ಬಾಲ. ಪಕ್ಕದ ಕಾಲಮಿನಲ್ಲಿ, ಹೊರತೆಗೆದ ಕಿಡ್ನಿಯನ್ನು ಲ್ಯಾಬಿಗೆ ಕಳಿಸಿದ ತಾರೀಖು, ಕೊಂಡೊಯ್ದವನ ಸಹಿ.

"ತಪ್ಪಿಲ್ಲ ಬೇಟಿ," ಎಂದರು ತಾಜುದ್ದೀನ. "ಆ ಕಿಡ್ನಿ ಕಲ್ಲ ತುಂಬಿ ಪೂರಾ ಕೆಟ್ಟಿತ್ತು, ತಗದ್ರು. ನನಗ ಮರ್ತಿಲ್ಲ, ಯಾಕಂದ್ರ ಅಂವಾ ಇಲ್ಲೇ ನಿಂತ ಕೈ ಮುಗದಿದ್ದ. ಕಿಡ್ನಿ ಹೋತಂತ ನನ್ನ ಹೆಂಡ್ತಿಗೆ ಹೇಳಬ್ಯಾಡ್ರಿ, ಆಕಿ ಅಂಜತಾಳ, ಕಲ್ಲ ತಗದೇವಿ ಅಂತ ಅನ್ರಿ ಅಂದ. ನಾವೂ ಹಂಗ ಅಂದ್ವಿ."

"ಅವನ ತಮ್ಮಗೂ ಗೊತ್ತಿರಲಿಲ್ಲ?"

"ಯಾರಿಗೂ ಇಲ್ಲ. ಉಳದ ಕಿಡ್ನ್ಯಾಗೂ ಸಣ್ಣ ಹರಳ ಇತ್ತು. ಆರ ತಿಂಗಳಿಗೊಮ್ಮಿ ಬಾ ಅಂದಿದ್ರು ಡಾಕ್ಟರು. ಅಂವಾ ಒಮ್ಮಿನೂ ಬರಲಿಲ್ಲ."

ರಿಜಿಸ್ಟರಿನ ಪುಟದ ಫೋಟೋ ತೆಗೆದುಕೊಂಡು ಹೊರಬಂದಾಗ ಲಗಮಣ್ಣ ಅಂಗಡಿಯ ಹೊರಗೆ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದ. ಅವಳನ್ನು ಕಂಡು ಫೋನು ಜೇಬಿಗಿಳಿಸಿದ.

"ಏನಂದ್ರು?"

"ತಪ್ಪಿಲ್ಲಂತ."

"ಹೂಂ," ಎಂದು ಬೈಕಿಗೆ ಒದ್ದ.

ಗೋಕಾಕ ದಾಟಿ ಕಲ್ಲೋಳಿ ಮುಟ್ಟುವಾಗ ಹೊತ್ತು ಇಳಿಮುಖವಾಗಿತ್ತು. ಬಸ್‌ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ಶೆಟ್ಟೆಪ್ಪನ ಮನೆ. ಮುಂಭಾಗದಲ್ಲೇ ತಮ್ಮ ಗುರುಪಾದನ ಪಂಪ್‌ಸೆಟ್ ರಿಪೇರಿ ಅಂಗಡಿ. ಲಗಮಣ್ಣ ಎದುರಿನ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ, ಒಳಗೆ ಬರಲು ಒಲ್ಲೆನೆಂದ. "ನೀವು ಹೆಣ್ಣಮಕ್ಕಳು, ಮಾತಾಡ್ರಿ."

ಗುರುಪಾದ ಕಟ್ಟೆಯ ಮೇಲೆ ಮೋಟಾರು ಬಿಚ್ಚಿಕೊಂಡು ಕುಳಿತಿದ್ದ. ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಅವಳು ಶಿವಾನಿಯ ಟೀಚರ್ ಎಂದು ತಿಳಿದು ಕುರ್ಚಿ ಹಾಕಿಸಿದ. ಬಂದ ಕಾರಣ ತಿಳಿದ ಮೇಲೆ ಮುಖ ಬಿಗಿಯಿತು.

"ಮಣ್ಣ ಮಾಡಿ ಹನ್ನೊಂದ ದಿನಾ ಆತ್ರಿ. ಈಗ ಏನ ಕೇಳೂದೈತಿ?"

"ನೀವು ಮಾರಿ ನೋಡಿದ್ರ್ಯಾ?"

"ಮಾರಿ ಅನ್ನೂದ ಉಳದಿರಲಿಲ್ರಿ. ಮೀನ ಬಿಟ್ಟಿರಲಿಲ್ಲ."

"ಮತ್ತ ಹೆಂಗ ಗುರುತ ಹಿಡದ್ರಿ?"

"ಬೆಳ್ಳಿ ಕಡಗ. ನಮ್ಮವ್ವ ಇಬ್ಬರಿಗೂ ಮಾಡಿಸಿದ್ದು." ಗುರುಪಾದ ತನ್ನ ಬಲಗೈ ಎತ್ತಿ ತೋರಿಸಿದ. ಗ್ರೀಸು ಮೆತ್ತಿದ ಮುಂಗೈಯಲ್ಲಿ ಕಡಗ ಮಂಕಾಗಿ ಹೊಳೆಯಿತು. "ಇದರ ಜೋಡಿ."

"ಕಡಗ ಹೆಣದ ಕೈಯಾಗ ಇತ್ತ?"

ಸ್ಪ್ಯಾನರು ಹಿಡಿದ ಕೈ ನಿಂತಿತು.

"ಇಲ್ಲ. ಪ್ಲಾಸ್ಟಿಕ್ ಚೀಲದಾಗ ಹಾಕಿ ತೋರಿಸಿದ್ರು. ಕೈಯಾಗಿಂದ ಬಿಚ್ಚಿದ್ದು ಅಂದ್ರು."

"ಯಾರು?"

ಗುರುಪಾದ ಬೇವಿನ ಮರದ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. "ಪೊಲೀಸ್ರು. ಇನ್ಯಾರ್ರಿ?"

ಹೆಣ ಕೊಯ್ದು ನೋಡುವುದಕ್ಕೆ ಆಟಾಪ್ಸಿ ಎನ್ನುತ್ತಾರೆ. ಆಟೋ ಎಂದರೆ ತಾನೇ, ಆಪ್ಸಿ ಎಂದರೆ ನೋಡುವುದು. ತನ್ನ ಕಣ್ಣಿನಿಂದಲೇ ನೋಡುವುದು. ಕೊಯ್ದ ಡಾಕ್ಟರು ನೋಡಿ, ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದರು. ಒಡಹುಟ್ಟಿದವನು ನೋಡಿದ್ದು ಒಂದು ಚೀಲ.

ಅವಳು ಫೋನಿನಲ್ಲಿದ್ದ ರಿಜಿಸ್ಟರಿನ ಫೋಟೋ ತೋರಿಸಿದಳು. ವರದಿಯ ಎರಡನೆಯ ಹಾಳೆ ಬಿಡಿಸಿಟ್ಟಳು. ಒಂದು ಕಿಡ್ನಿ, ಎರಡು ಕಿಡ್ನಿ. ಬಿಡಿಸಿ ಬಿಡಿಸಿ ಹೇಳಿದಳು.

"ಸುಳ್ಳು!" ಗುರುಪಾದ ಎದ್ದು ನಿಂತ. "ನಮ್ಮ ಅಣ್ಣಂದು ಕಲ್ಲ ತಗದಾರ. ನಾ ದವಾಖಾನ್ಯಾಗ ನಾಕ ದಿನಾ ಇದ್ದೆ. ಒಂದ ಇಂಗ್ಲೀಷ್ ಶಬ್ದ ಹಿಡಕೊಂಡ ಬಂದ ಸತ್ತಾಂವನ್ನ ಎಬ್ಬಸ್ತೀರೇನು?"

"ನಾ ಎಬ್ಬಸಾಕತ್ತಿಲ್ರಿ. ನಿಮ್ಮಣ್ಣ ಆ ಕುಣ್ಯಾಗ ಇಳದ ಇಲ್ಲ ಅಂತ ಹೇಳಾಕತ್ತೇನಿ."

"ಹಂಗಾರ ಎಲ್ಲಿದಾನ? ಇಪ್ಪತ್ತ ದಿನಾ ಆತು! ಜೀವಂತ ಇದ್ದಾಂವ ಒಂದ ಫೋನ್ ಮಾಡಾಂಗಿಲ್ಲ?"

ಕೇಳಬೇಕಾದ ಪ್ರಶ್ನೆ ಒಂದು ಉಳಿದಿತ್ತು, ಅದನ್ನು ಕೇಳಿದಳು.

"ಗುರುಪಾದ ಅವರ, ಖರೆ ಹೇಳ್ರಿ. ಆವತ್ತ ನಿಮಗ ಅನುಮಾನ ಬರಲಿಲ್ಲ?"

ಅವನು ಕಟ್ಟೆಯ ಮೇಲೆ ಕುಕ್ಕರಿಸಿ ಕುಳಿತು ಗ್ರೀಸಿನ ಅರಿವೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. ದನಿ ಇಳಿದಿತ್ತು.

"ಕಾಲ ನೋಡಿ ಅನಿಸ್ತ್ರಿ. ಅಣ್ಣನ ಹೆಬ್ಬೆರಳ ಅಷ್ಟ ಉದ್ದ ಇರಲಿಲ್ಲ. ಆದ್ರ ವೈನಿ..." ಅತ್ತಿಗೆಯಿದ್ದ ಒಳಮನೆಯ ಕಡೆ ಕಣ್ಣು ಹೊರಳಿಸಿದ. "ವೈನಿ ಎಂಟ ದಿನಾ ಆ ಹೊಸ್ತಿಲ ಬಿಟ್ಟ ಎದ್ದಿರಲಿಲ್ಲ. ಉಂಡಿರಲಿಲ್ಲ. ಬೈಕಿನ ಸಪ್ಪಳ ಆದ್ರ ಏಳಾಕಿ, ಮತ್ತ ಕುಂದ್ರಾಕಿ. ಅದನ್ನ ನೋಡಾಕ ಆಗಲಿಲ್ರಿ ನನಗ. ಸತ್ತಾ ಅಂದ್ರ ಅತ್ತ ಮುಗಸ್ತಾಳ, ಇದಕ್ಕ ಮುಗತಾಯ ಇಲ್ಲಲ್ಲ ಅನಿಸ್ತು. ಹೌದು ಅಂದೆ. ಸಹಿ ಮಾಡಿದೆ."

ಅಲ್ಲಿಯವರೆಗೆ ಅವನು ಅತ್ತಿರಲಿಲ್ಲ, ಈಗ ಅತ್ತ. ತೋಳಿನಲ್ಲಿ ಮುಖ ಒರೆಸಿಕೊಂಡಾಗ ಕೆನ್ನೆಗೆ ಕಪ್ಪು ಹತ್ತಿತು. ಸಂಘಮಿತ್ರಾ ಹಾಳೆಗಳನ್ನು ಮಡಚಿ ಕೈಚೀಲಕ್ಕೆ ಹಾಕಿದಳು.

"ಅಕ್ಕಾರ," ಎಂದು ಒಳಗಿನಿಂದ ಯಾರೋ ಕರೆದರು. "ಒಂದೀಟ ಒಳಗ ಬರ್ರಿ."

ಶೆಟ್ಟೆಪ್ಪನ ಹೆಂಡತಿ ಚನ್ನವ್ವ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಆದರೂ ಮುಖದಲ್ಲಿ ಗಾಬರಿಯಿರಲಿಲ್ಲ. ಒಲೆಯ ಮುಂದೆ ಮಣೆ ಹಾಕಿ ಕೂರಿಸಿದಳು. ಪಕ್ಕದಲ್ಲಿ ತಟ್ಟೆ ಮುಚ್ಚಿದ ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ. ಒಬ್ಬರಿಗಾಗುವಷ್ಟೇ ಅಡುಗೆ. ತನ್ನ ಕೋಣೆಯ ಸ್ಟೋವಿನ ಪಕ್ಕದ ತಟ್ಟೆ ಸಂಘಮಿತ್ರಾಳ ಕಣ್ಣಿಗೆ ಕಟ್ಟಿತು.

"ನನಗ ಗೊತ್ತೈತ್ರಿ," ಎಂದಳು ಚನ್ನವ್ವ.

"ಏನು?"

"ಅವರು ಅದಾರ ಅನ್ನೂದು. ನಿನ್ನಿ ಗೊತ್ತಾತು. ಮೈದುನಗ ಹೇಳಿಲ್ಲ. ಹೇಳಬ್ಯಾಡ ಅಂದಾರ." ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಕೈಹಾಕಿ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದಳು. ಕೊಡವಿದಾಗ ಹಿಟ್ಟು ಉದುರಿತು. "ಇದನ್ನ ಓದಿ ಹೇಳ್ರಿ. ನಾ ಓದಾಕ ಬರದಾಕಿ. ಇದರಾಗ ಗೊಬ್ಬರದ ಹೆಸರ ಐತಂತ. ಯೂರಿಯಾ."

ಚೀಟಿಯ ಮೇಲ್ಭಾಗ, ದವಾಖಾನೆಯ ಹೆಸರಿರಬೇಕಾದ ಜಾಗ, ಹರಿದಿತ್ತು. ರೋಗಿಯ ಹೆಸರು ಇರಲಿಲ್ಲ. ಗುರುವಾರದ ತಾರೀಖಿತ್ತು. ಡಾಕ್ಟರು ಅವಸರದಲ್ಲಿ ಗೀಚಿದ ಎರಡು ಸಾಲು.

ಮೊದಲನೆಯದು: ಸಾಲಿಟರಿ ಕಿಡ್ನಿ. ಒಂಟಿ ಕಿಡ್ನಿ.

ಎರಡನೆಯದರಲ್ಲಿ ಒಂದೇ ಶಬ್ದ, ಅದರ ಮುಂದೆ 'ಒಂದು ದಿನದಿಂದ' ಎಂಬ ಲೆಕ್ಕ, ಕೆಳಗೆ ಎರಡು ಸಲ ಗೆರೆ ಎಳೆದು 'ಕೂಡಲೇ ದೊಡ್ಡ ಆಸ್ಪತ್ರೆಗೆ' ಎಂಬ ಸೂಚನೆ. ಆ ಶಬ್ದವನ್ನು ಅವಳು ಮನಸ್ಸಿನಲ್ಲೇ ಬಿಡಿಸಿದಳು.

ಅನ್ಯೂರಿಯಾ.

ಹುಕ್ಕೇರಿಯ ಚಾಚಾ ಹೇಳಿದ ಸಣ್ಣ ಹರಳು ಜಾರಿ ಮೂತ್ರದ ನಳಿಗೆಗೆ ಅಡ್ಡ ಕೂತಿರಬೇಕು. ಇನ್ನೊಂದು ಕಿಡ್ನಿ ಇದ್ದವನಿಗಾದರೆ ಅದು ದುಡಿಯುತ್ತದೆ. ಇವನಿಗೆ ಇನ್ನೊಂದಿಲ್ಲ. ಬುಧವಾರದಿಂದ ಎಣಿಸಿದರೆ ಇವತ್ತಿಗೆ ನಾಲ್ಕನೆಯ ದಿನ.

"ಏನಂತ್ರಿ?" ಚನ್ನವ್ವ ಅವಳ ಮುಖವನ್ನೇ ನೋಡುತ್ತಿದ್ದಳು.

ಗೊಬ್ಬರವೂ ಅಲ್ಲ ಏನೂ ಅಲ್ಲ, ಯಾವುದೋ ಔಷಧ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಬಂದಿತ್ತು. ನಿಜ ಹೇಳಿದರೆ ಈ ಹೆಣ್ಣು ಮತ್ತೆ ಹೊಸ್ತಿಲು ಹಿಡಿಯುತ್ತಾಳೆ. ಸಂಘಮಿತ್ರಾ ಚೀಟಿಯನ್ನು ಮೊಣಕಾಲ ಮೇಲೆ ಹಾಸಿ, ಚನ್ನವ್ವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಅವಳ ಬೆರಳನ್ನು ಶಬ್ದದ ಮೇಲಿಟ್ಟಳು.

"ಇಲ್ಲಿ ನೋಡ್ರಿ. ಈ ಹಿಂದಿನ ತುಣುಕು, ಯೂರಿಯಾ, ಇದಕ್ಕ ಮೂತ್ರ ಅಂತ ಅರ್ಥ. ಗೊಬ್ಬರಕ್ಕ ಆ ಹೆಸರ ಬಂದಿದ್ದೂ ಅದರಿಂದನ. ಮುಂದಿನದು, ಅನ್. ಅಂದ್ರ ಇಲ್ಲ. ಅವರಿಗೆ ಮೂತ್ರ ನಿಂತೈತ್ರಿ. ಅವರಿಗೆ ಇರೂದು ಒಂದ ಕಿಡ್ನಿ, ಅದು ಬಂದ್ ಆಗೇತಿ. ದೊಡ್ಡ ದವಾಖಾನಿಗೆ ಒಯ್ದ್ರ ಉಳೀತಾರ. ಒಯ್ಯಲಿಲ್ಲಂದ್ರ ಬಾಳ ದಿನಾ ಇಲ್ಲ."

"ಎಷ್ಟ ದಿನಾ?"

"ನಾ ಡಾಕ್ಟರ್ ಅಲ್ರಿ. ಎರಡು. ಹೆಚ್ಚಂದ್ರ ಮೂರು."

ಚನ್ನವ್ವ ಅಳಲಿಲ್ಲ. ಸೆರಗು ಬಿಗಿಯಾಗಿ ಸುತ್ತಿಕೊಂಡು ಎದ್ದಳು. ಎದ್ದವಳು ಮತ್ತೆ ಕುಳಿತು ಸಂಘಮಿತ್ರಾಳ ಮೊಣಕೈ ಹಿಡಿದಳು.

"ನಾಕ ವರ್ಷ ಆತು, ನನಗ ಯಾರೂ ಖರೆ ಹೇಳಿರಲಿಲ್ಲ ಅಕ್ಕಾರ. ಗಂಡ ಹೇಳಲಿಲ್ಲ. ದವಾಖಾನಿಯವ್ರು ಹೇಳಲಿಲ್ಲ. ಮೈದುನ ಹೇಳಲಿಲ್ಲ. ನೀವು ಹೇಳಿದ್ರಿ. ನಾನೂ ಒಂದ ಖರೆ ಹೇಳತೇನಿ. ಹೇಳಬಾರದಂತ ಆಣಿ ಮಾಡಿಸಿಕೊಂಡಾರ."

"ಚೀಟಿ ಯಾರು ಕೊಟ್ರು?"

"ನಾಳಿ ಆ ಟೀಚರನ್ನ ನಾನ ಕರಕೊಂಡ ಬರತೇನಿ, ಆಕಿಗೆ ತೋರಸು, ಆಕಿ ಎಲ್ಲಾ ಶಬ್ದ ಬಿಡಸ್ತಾಳ ಅಂದ್ರು. ಆದ್ರ ನಾ ಕೊಟ್ಟೆ ಅಂತ ಮಾತ್ರ ಅನಬ್ಯಾಡ ಅಂದ್ರು."

ಅಡುಗೆಮನೆಗೆ ಸಣ್ಣದೊಂದು ಕಿಟಕಿ. ಚನ್ನವ್ವನ ಬೆರಳು ಅದರ ಸರಳಿನ ಆಚೆಗೆ, ಬೇವಿನ ಮರದ ಕಡೆಗೆ ತಿರುಗಿತು.

ಲಗಮಣ್ಣ ಬೈಕಿನ ಸೀಟಿಗೆ ಒರಗಿ ನಿಂತು ಈ ಮನೆಯ ಬಾಗಿಲನ್ನೇ ನೋಡುತ್ತಿದ್ದ.

ವಾರದಿಂದ ಮರೆತಿದ್ದ ವರದಿ ಇವತ್ತೇ ನೆನಪಾದದ್ದು. ಹುಕ್ಕೇರಿಯಲ್ಲಿ ಒಳಗೆ ಬರದೆ ಹೋದದ್ದು. ಚೀಲದಲ್ಲಿ ಕಡಗ ತೋರಿಸಿದ 'ಪೊಲೀಸ್ರು'. ಇವೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತ ಹೋದ ಹಾಗೆ ಸಂಘಮಿತ್ರಾಳಿಗೆ ಹೆದರಿಕೆಗಿಂತ ಮೊದಲು ಬೇರೇನೋ ಆಯಿತು. ಕೋಣೆಯಲ್ಲಿ ಕೊಂಡಿಟ್ಟ ಆ ಎರಡನೆಯ ಕಪ್ಪು ನೆನಪಾಯಿತು. ಮೂರು ತಿಂಗಳು ಆ ಬೂಟಿನ ಸದ್ದಿಗೆ ತಾನು ಕಿವಿಗೊಟ್ಟದ್ದನ್ನು ನೆನೆದು ನಾಚಿಕೆಯಾಯಿತು.

ಗುರುಪಾದನನ್ನು ಕೂಗಬಹುದು. ಠಾಣೆಗೆ ಫೋನು ಮಾಡಬಹುದು. ಆದರೆ ಶೆಟ್ಟೆಪ್ಪ ಎಲ್ಲಿದ್ದಾನೆ ಎಂದು ಗೊತ್ತಿರುವುದು ಮರದ ಕೆಳಗೆ ನಿಂತ ಒಬ್ಬನಿಗೆ ಮಾತ್ರ. ಠಾಣೆಯಲ್ಲಿ ಯಾರು ಯಾವ ಕಡೆಯವರೋ ಅವಳಿಗೆ ತಿಳಿಯದು.

ಚೀಟಿ ಹಿಡಿದುಕೊಂಡೇ ಹೊರಬಂದಳು. ಕಟ್ಟೆಯ ಮೇಲೆ ಗುರುಪಾದ ತಲೆಯೆತ್ತಲಿಲ್ಲ. ಓಣಿ ದಾಟಿದಳು. ಸಂಜೆಯ ಬಿಸಿಲಿಗೆ ಲಗಮಣ್ಣನ ನೆರಳು ಅವಳ ಕಾಲ ತನಕ ಚಾಚಿತ್ತು.

ಅವಳ ಕೈಯಲ್ಲಿದ್ದ ಚೀಟಿಯನ್ನು ಅವನು ನೋಡಿದ. ಅದೇನು ಎಂದು ಕೇಳಲಿಲ್ಲ.

"ಎಷ್ಟ ದಿನಾ ಉಳದಾವ್ರಿ ಅಕ್ಕಾರ?" ಎಂದ.

"ಎರಡು. ಹೆಚ್ಚಂದ್ರ ಮೂರು." ಚೀಟಿಯನ್ನು ಅವನ ಮುಂದೆ ಹಿಡಿದಳು. "ಶೆಟ್ಟೆಪ್ಪನ್ನ ಎಲ್ಲಿ ಹಿಡದ ಇಟ್ಟೀರಿ?"

"ಹಿಡದ ಇಟ್ಟಿಲ್ಲ. ಅಡಗಿಸಿ ಇಟ್ಟೇನಿ. ಎರಡಕ್ಕೂ ಫರಕ ಐತ್ರಿ."

"ಯಾರಿಂದ?"

ಅವನು ಟೋಪಿ ಹಾಕಿಕೊಂಡು ಬೈಕಿನ ಚಾವಿ ತಿರುಗಿಸಿದ. ಎರಡನೆಯ ಒದೆತಕ್ಕೆ ಅದು ಹತ್ತಿಕೊಂಡಿತು.

"ಮಣ್ಣಾಗ ಇರೂದು ಯಾರ ಹೆಣಾ ಕಾಕಾ?"

ಕಾಕಾ ಎಂಬ ಮಾತು ಬಾಯಿ ತಪ್ಪಿ ಬಂದಿತ್ತು. ಅದನ್ನು ಕೇಳಿ ಅವನ ಮುಖ ಒಂದು ಕ್ಷಣ ಮುದುಡಿತು.

"ದಾರ್ಯಾಗ ಹೇಳತೇನಿ. ಮೊದಲ ಹತ್ರಿ," ಎಂದ. "ಕೇಳಿದ ಮ್ಯಾಲ ನೀವು ನನ್ನ ಹಿಂದ ಕುಂದ್ರೂದಿಲ್ಲ."

ಚನ್ನವ್ವ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದಳು. ಸಂಘಮಿತ್ರಾ ಕೈಚೀಲವನ್ನು ಈ ಸಲ ಇಬ್ಬರ ನಡುವೆ ಇಡದೆ ಎದೆಗೆ ಅವುಚಿಕೊಂಡು ಹತ್ತಿ ಕುಳಿತಳು.

ಬೈಕು ಗೋಕಾಕದ ಕಡೆ ತಿರುಗಲಿಲ್ಲ.